ಬೀಜಕ್ಕೆ ಬಿಟ್ಟ ಸೌತೆಕಾಯಿ

ನನ್ನ ಓರಗಿತ್ತಿಯ ಕೈಗುಣದ ಬಗ್ಗೆ ಯಾರಾದರೂ ಮಾತೆತ್ತಿದರೆ ನಾನು ಈಗಲೂ ಎದ್ದು ಒಳಗೆ ಹೋಗುತ್ತೇನೆ. ಒಳಗೆ ಕೆಲಸ ಇರುತ್ತದೆ ಎಂದಲ್ಲ, ಮುಖ ತೋರಿಸಲು ಇಷ್ಟವಿಲ್ಲ, ಅಷ್ಟೇ. ಹೊಟ್ಟೆಕಿಚ್ಚು ಎನ್ನುತ್ತಾರಲ್ಲ, ನನಗೆ ಅದು ಹೊಟ್ಟೆಗಿಂತ ಮೊದಲು ಕಿವಿಗೆ ಬರುತ್ತದೆ. ಎರಡೂ ಕಿವಿ ಕೆಂಪಾಗಿ ಬಿಸಿಯಾಗುತ್ತವೆ. ನನ್ನ ಗಂಡ ಅದನ್ನು ನೋಡಿಯೇ ಆ ದಿನದ ಸಾರಿನ ಖಾರ ಎಷ್ಟಿರಬಹುದು ಎಂದು ಅಂದಾಜು ಮಾಡುತ್ತಾರೆ.

ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೈದು ವರ್ಷ. ಮೈದುನನ ಹೆಂಡತಿಯಾಗಿ ಅವಳು ಬಂದು ಹನ್ನೆರಡು. ನನ್ನ ತವರು ಬೈಂದೂರಿನ ಹತ್ತಿರ ಯಡ್ತರೆ, ಅವಳದು ಸಿದ್ದಾಪುರದಾಚೆ, ಘಟ್ಟದ ಬುಡ. ಅಣ್ಣ ತಮ್ಮ ಇಬ್ಬರೂ ಸೇರಿ ಸಾಲಿಗ್ರಾಮದ ಪೇಟೆಯಲ್ಲಿ ಸಣ್ಣದೊಂದು ಹೋಟೆಲು ನಡೆಸುತ್ತಾರೆ. ಮನೆ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಒಂದೇ ಅಂಗಳ, ಎರಡು ಅಡುಗೆಮನೆ. ಒಲೆ ಬೇರೆಯಾದರೂ ಬಾವಿ ಒಂದೇ, ಮನೆ ಮುಂದಿನ ತರಕಾರಿ ಗದ್ದೆ ಒಂದೇ, ಅತ್ತೆಯೂ ಒಬ್ಬರೇ. ಈ ಮೂರನ್ನು ಪಾಲು ಮಾಡುವುದು ಬೇಡ ಎಂದು ಒಲೆ ಬೇರೆಯಾದ ದಿನವೇ ಎಲ್ಲರೂ ಒಪ್ಪಿಕೊಂಡಿದ್ದೆವು.

ಭತ್ತ ಕೊಯ್ದ ಮೇಲೆ ಆ ಗದ್ದೆಗೆ ತರಕಾರಿ ಬೀಳುತ್ತದೆ. ಸಂಕ್ರಾಂತಿ ಕಳೆದು, ಬೆಳಗಿನ ಚಳಿ ಇಳಿದು, ಗೇರು ಮರ ಹೂ ಬಿಡುವ ಹೊತ್ತಿಗೆ ಎರಡನೇ ಸಲದ ಬಿತ್ತನೆ. ಯುಗಾದಿಯ ಅಡುಗೆಗೆ ಮನೆಯದೇ ತರಕಾರಿ ಇರಬೇಕು ಎಂಬುದು ಅತ್ತೆಯ ಹಟ. ಬೆಂಡೆ, ಅಲಸಂದೆ, ಹರಿವೆ ಯಾರು ಬೇಕಾದರೂ ಹಾಕಬಹುದು, ಯಾರೂ ಕೇಳುವುದಿಲ್ಲ. ಸೌತೆ ಮಾತ್ರ ಹಾಗಲ್ಲ. ಅದು ಅತ್ತೆಯ ಅತ್ತೆ ಬ್ರಹ್ಮಾವರದ ಕಡೆಯ ತಮ್ಮ ತವರಿನಿಂದ ತಂದ ಬೀಜ. ಪ್ರತಿ ವರ್ಷ ಒಂದು ಒಳ್ಳೆಯ ಕಾಯಿಯನ್ನು ಬೀಜಕ್ಕೆಂದು ಬಳ್ಳಿಯಲ್ಲೇ ಬಿಡುತ್ತಾರೆ. ಅದು ಹಣ್ಣಾಗಿ ಅರಿಶಿನ ಬಣ್ಣಕ್ಕೆ ತಿರುಗಿದ ಮೇಲೆ ಬೀಜ ತೆಗೆದು, ಬೂದಿ ಮತ್ತು ಸಗಣಿಯಲ್ಲಿ ಕಲಸಿ, ಬಚ್ಚಲುಮನೆಯ ಗೋಡೆಗೆ, ನೀರು ಕಾಯಿಸುವ ಹಂಡೆಯ ಮೇಲುಗಡೆ ರೊಟ್ಟಿಯ ಹಾಗೆ ತಟ್ಟಿ ಇಡುತ್ತಾರೆ. ಹೊಗೆ ತಾಗಿದ ಬೀಜಕ್ಕೆ ಹುಳ ಬರುವುದಿಲ್ಲ. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾದರೂ ಸ್ನಾನದ ನೀರಿಗೆ ನಾವು ಇನ್ನೂ ಕಟ್ಟಿಗೆ ಉರಿಸುವುದಕ್ಕೆ ಅರ್ಧ ಕಾರಣ ಈ ಬೀಜ.

ಗೋಡೆಯ ಆ ಬಿಲ್ಲೆಗೆ ಕೈ ಹಾಕುವ ಅಧಿಕಾರ ಅತ್ತೆಯದು ಮಾತ್ರ. ಮೊದಲ ಬೀಜ ಯಾರ ಕೈಯಿಂದ ಮಣ್ಣಿಗೆ ಬೀಳಬೇಕು ಎಂದು ಹೇಳುವವರೂ ಅವರೇ. ನಾನು ಬಂದ ಮೇಲೆ ಹದಿಮೂರು ವರ್ಷ ಅವರೇ ಹಾಕಿದರು. ನಾನು ಹಿಂದಿನಿಂದ ನೀರು ಹೊಯ್ದೆ. ನನ್ನ ಸರದಿಯೂ ಒಂದು ದಿನ ಬರುತ್ತದೆ, ಹಿರಿಸೊಸೆ ತಾನೇ ಎಂದುಕೊಂಡಿದ್ದೆ. ಅಷ್ಟರಲ್ಲಿ ಇವಳು ಬಂದಳು. ಹೊಸ ಮದುಮಗಳು ಎಂದು ಅತ್ತೆ ಬೀಜದ ಬಟ್ಟಲನ್ನು ಅವಳ ಕೈಗೆ ಕೊಟ್ಟರು. ಆರನೇ ದಿನಕ್ಕೆ ಗದ್ದೆ ನೋಡಿದರೆ ಒಂದು ಗುಂಡಿಯೂ ಖಾಲಿಯಿಲ್ಲ.

“ಹೆಣೆ, ನಿನ್ ಕೈಗುಣ ಕಾಣ್! ಒಂದೂ ತಪ್ಪ್ಲಿಲ್ಲೆ,” ಎಂದು ಅತ್ತೆ ಮಗಳನ್ನು ಕರೆಯುವ ಹಾಗೆ ಅವಳನ್ನು ಕರೆದು, ಅಂಗಳದಲ್ಲಿ ನಿಂತು ಕೂಗಿ ಹೇಳಿದರು. ನಾನು ಕೈಯಲ್ಲಿ ಕೊಡಪಾನ ಹಿಡಿದು ಬಾವಿಕಟ್ಟೆಯ ಹತ್ತಿರ ನಿಂತಿದ್ದೆ. ಹದಿಮೂರು ವರ್ಷ ನೀರು ಹೊಯ್ದವಳಿಗೆ ಕೈ ಇತ್ತು ಎಂಬುದು ಈ ಮನೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ವರ್ಷವೂ ಬಟ್ಟಲು ಅವಳಿಗೇ. ಮಾತು ಊರಿಗೂ ಹಬ್ಬಿತು. ಪಕ್ಕದ ಮನೆಯವರು ಅಲಸಂದೆ ಹಾಕುವ ದಿನ ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ಮೀನು ಮಾರಲು ಬರುವ ಹೆಂಗಸು ಬುಟ್ಟಿ ಇಳಿಸಿ, ನನ್ನ ಮುಖಕ್ಕೇ ಕೇಳಿದ್ದಳು: “ನಿಮ್ಮನಿ ಸಣ್ಣ್ ಸೊಸಿ ಕೈ ಬಿದ್ರೆ ಕಲ್ಲೂ ಚಿಗುರತ್ತ್ ಅಂಬ್ರ್, ಹೌದಾ?” ಆ ದಿನ ನಾನು ಬಂಗುಡೆ ತೆಗೆದುಕೊಳ್ಳಲಿಲ್ಲ. ತಾಜಾ ಇಲ್ಲ ಎಂದೆ. ಬಂಗುಡೆ ಚೆನ್ನಾಗಿಯೇ ಇತ್ತು.

ಅವಳ ಮೇಲೆ ತಪ್ಪು ಹುಡುಕಲು ನಾನು ಪಟ್ಟ ಪಾಡು ಒಂದೆರಡಲ್ಲ. ಅವಳು ಎದುರು ಮಾತಾಡುವವಳಲ್ಲ. ತನ್ನ ಅಡುಗೆಮನೆಯಲ್ಲಿ ವಿಶೇಷ ಏನು ಮಾಡಿದರೂ ಮೊದಲ ಪಾತ್ರೆ ನನ್ನ ಕಡೆಗೆ ಬರುತ್ತಿತ್ತು. ಜಗಳವಾಡುವವಳಾಗಿದ್ದರೆ ಒಂದು ದಿನ ಜಗಳವಾಡಿ ಹಗುರಾಗಬಹುದಿತ್ತು. ನಾನು ಹಿತ್ತಲಲ್ಲಿ ಬೆಳೆಸಿದ ಬಸಳೆ ಚಪ್ಪರ ತುಂಬಿ ಕೆಳಗೆ ಜೋತು ಬೀಳುತ್ತಿತ್ತು. ಅದನ್ನು ಕೊಯ್ದು ಪದಾರ್ಥ ಮಾಡಿ ಎಲ್ಲರೂ ಉಂಡರು. ಚೆನ್ನಾಗಿದೆ ಎಂದರು. ಕೈಗುಣ ಎಂದು ಯಾರೂ ಅನ್ನಲಿಲ್ಲ. ಮೀನು ತೊಳೆದ ನೀರು ಬಿದ್ದರೆ ಬಸಳೆ ಯಾರಿಗಾದರೂ ಬರುತ್ತದೆ ಎಂದುಬಿಟ್ಟರು ಅತ್ತೆ. ಮೇಲಿಂದ ಒಂದು ತಮಾಷೆ ಬೇರೆ. “ನಿಮ್ ಬೈಂದೂರ್ ಬದಿಯರಿಗೆ ಮರಳಗೆ ಕಲ್ಲಂಗಡಿ ಬೆಳ್ಸುಕೆ ಗೊತ್ತಿತ್ತ್. ಸೌತಿ ಎಲ್ಲಿ ಗೊತ್ತಿತ್ತ್?” ಎಲ್ಲರೂ ನಕ್ಕರು, ನಾನೂ ನಕ್ಕೆ. ಕಿವಿ ಮಾತ್ರ ಸುಡುತ್ತಿತ್ತು.

ಹೋದ ವರ್ಷ ಜನವರಿಯಲ್ಲಿ ಅತ್ತೆಗೆ ಕೈ ನಡುಕ ಜೋರಾಯಿತು. ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿಯಬೇಕು. ಒಂದು ಬೆಳಿಗ್ಗೆ ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಕೂತವರು ನಮ್ಮಿಬ್ಬರನ್ನೂ ಕರೆದರು.

“ನನ್ ಕೈಯಗ್ ಇನ್ನ್ ಆತಿಲ್ಲೆ. ಈ ಸಲದ್ ಬೀಜದ್ ಕಾಯಿ ನಿಮ್ಮಲ್ಲ್ ಒಬ್ರಿಗೆ ಕೊಡ್ತೆ. ಇನ್ಮೇಲೆ ಬೀಜ ಅವ್ರದ್ದೇ. ಅವ್ರೇ ಇಡ್ಕ್, ಅವ್ರೇ ಕೊಡ್ಕ್,” ಎಂದರು.

ಯಾರಿಗೆ ಎಂದು ಹೇಳಲಿಲ್ಲ. ಹೇಳುವುದೇನು, ಎಲ್ಲರಿಗೂ ಗೊತ್ತಿತ್ತು. ಒಂದು ಸೌತೆಕಾಯಿಗೆ ಇಷ್ಟೆಲ್ಲ ಯಾಕೆ ಎಂದು ನಿಮಗೆ ಅನ್ನಿಸಬಹುದು. ನನ್ನ ಗಂಡನಿಗೂ ಅನ್ನಿಸಿತ್ತು. ಪೇಟೆಯಲ್ಲಿ ಬೀಜದ ಪ್ಯಾಕೆಟ್ ಸಿಗುತ್ತದಲ್ಲ ಎಂದರು. ಪ್ಯಾಕೆಟ್ ಬೀಜ ಬೇಕಾದವರು ಯಾರು? ಅತ್ತೆಯ ಅತ್ತೆಯಿಂದ ಅತ್ತೆಗೆ, ಅತ್ತೆಯಿಂದ ನನಗೆ, ಹಾಗೆ ಬರಬೇಕಾದದ್ದು ನನ್ನನ್ನು ದಾಟಿ ಅವಳಿಗೆ ಹೋದರೆ, ಈ ಮನೆಯಲ್ಲಿ ಇಪ್ಪತ್ತನಾಲ್ಕು ವರ್ಷ ನಾನು ಯಾರಾಗಿದ್ದೆ? ಅದು ನನ್ನ ಪ್ರಶ್ನೆ. ಅದನ್ನು ಬಾಯಿಬಿಟ್ಟು ಕೇಳುವ ಹಾಗಿರಲಿಲ್ಲ.

ಹಾಗಾಗಿ ಬೇರೆಯದನ್ನು ಕೇಳಿದೆ. “ಗದ್ದಿ ಅರ್ಧ ಮಾಡುವ ಅತ್ತಿ. ಪಡು ಬದಿ ನಂಗೆ, ಮೂಡು ಬದಿ ಅವ್ಳಿಗೆ. ಬೀಜ ಇಬ್ರಿಗೂ ಕೊಡಿ. ಯಾರ್ ಕೈ ಎಂಥದ್ದ್ ಅಂತ ಕಾಂಬ.”

ಅವಳು ತಲೆ ತಗ್ಗಿಸಿ ಸೆರಗಿನ ತುದಿ ತಿರುಚುತ್ತಿದ್ದಳು. ಅತ್ತೆ ಇಬ್ಬರನ್ನೂ ಒಮ್ಮೆ ನೋಡಿ ನಕ್ಕರು. “ಕಾಂಬ, ಕಾಂಬ. ನಂಗೂ ಹೊತ್ತ್ ಹೋತ್ತ್,” ಎಂದರು.

ಸೌತೆಗೆ ಮೊದಲು ಸುಡುಮಣ್ಣು ಆಗಬೇಕು. ಒಣ ಕಡ್ಡಿ, ತೆಂಗಿನ ಸಿಪ್ಪೆ, ತರಗೆಲೆ, ಒಣ ಸಗಣಿ ಇವನ್ನು ಒಂದರ ಮೇಲೊಂದು ಹರಡಿ, ಮೇಲೆ ಹುಲ್ಲು ಸಮೇತ ಕೆತ್ತಿದ ಮಣ್ಣು ಮುಚ್ಚಿ, ಕೆಳಗಿನಿಂದ ಕಿಡಿ ಕೊಡುತ್ತಾರೆ. ಬೆಂಕಿ ಉರಿಯಬಾರದು, ಒಳಗೇ ಹೊಗೆಯಾಡಬೇಕು. ಎಲ್ಲಾದರೂ ಜ್ವಾಲೆ ಹೊರಬಂದರೆ ಮಣ್ಣು ಹಾಕಿ ನೀರು ಚಿಮುಕಿಸಬೇಕು. ಎರಡು ಮೂರು ದಿನ ಹೊಗೆಯಾಡಿ ಮಣ್ಣು ಕಪ್ಪಾಗಿ ಪುಡಿಯಾಗುತ್ತದೆ. ಆಮೇಲೆ ಅದನ್ನು ನೆರಳಲ್ಲಿ ಹರಡಿ, ನೀರು ಹಾಕಿ, ನಾಲ್ಕೈದು ದಿನ ಆರಲು ಬಿಡಬೇಕು. ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಡ್ತರೆಯಲ್ಲಿ ಫ್ರಾಕು ಹಾಕುವ ವಯಸ್ಸಿನಿಂದ ಮಾಡಿದವಳು ನಾನು.

ಮಾಡಿದವಳೇ ಕೆಡಿಸಿದೆ. ಇಬ್ಬರೂ ಒಂದೇ ದಿನ ರಾಶಿ ಹಾಕಿದೆವು, ಅವಳದು ಮೂಡು ಬದಿಯಲ್ಲಿ, ನನ್ನದು ಪಡು ಬದಿಯಲ್ಲಿ. ಅವಳ ರಾಶಿಯಿಂದ ಹೊಗೆ ತೆಳ್ಳಗೆ, ಹಿತವಾಗಿ ಏಳುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ನನಗೆ ತಾಳ್ಮೆ ಹೋಯಿತು. ಈ ವರ್ಷ ಮೊದಲ ಬೀಜ ನನ್ನ ಕೈಯಿಂದಲೇ ಬೀಳಬೇಕು, ಅವಳಿಗಿಂತ ಒಂದು ದಿನವಾದರೂ ಮುಂಚೆ ಬೀಳಬೇಕು ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದೆ. ರಾಶಿಯ ಬಾಯಿ ಬಿಡಿಸಿ ಗಾಳಿ ಕೊಟ್ಟೆ. ಧಗಧಗ ಉರಿಯಿತು. ಒಂದೇ ದಿನಕ್ಕೆ ಎಲ್ಲ ಸುಟ್ಟು, ಅರ್ಧ ಮಣ್ಣು ಇಟ್ಟಿಗೆಯ ಚೂರಿನ ಹಾಗೆ ಕೆಂಪಗೆ ಗಟ್ಟಿಯಾಯಿತು. ಉಳಿದದ್ದನ್ನು ಜರಡಿ ಹಿಡಿದು ಮರುದಿನವೇ ಗುಂಡಿಗಳಿಗೆ ತುಂಬಿದೆ. ಅಂಗೈ ಇಟ್ಟರೆ ಇನ್ನೂ ಬೆಚ್ಚಗಿತ್ತು.

ಅವಳು ಬೇಲಿಗೆ ಹಳೆಯ ಸೀರೆ ಕಟ್ಟುತ್ತಿದ್ದಳು. ಈಗೀಗ ನಮ್ಮ ಕಡೆ ನವಿಲುಗಳ ಕಾಟ. ಬಣ್ಣದ ಸೀರೆ ಸುತ್ತ ಕಟ್ಟದಿದ್ದರೆ ಮೊಳಕೆ ಒಂದೂ ಉಳಿಯದು. ನಾನು ಬೀಜದ ಬಟ್ಟಲು ತಂದದ್ದನ್ನು ನೋಡಿ ಅವಳು ಹತ್ತಿರ ಬಂದು ಗುಂಡಿಗೆ ಕೈ ಇಟ್ಟಳು.

“ಅಕ್ಕ, ಬಿಸಿ ಆರ್ಲಿ. ಇನ್ನೊಂದ್ ನಾಲ್ಕ್ ದಿನ ಬಿಡಿ ಅಕ್ಕ.”

“ನಂಗೆ ಗೊತ್ತಿತ್ತ್,” ಎಂದೆ.

ಗೊತ್ತಿತ್ತು. ಆದರೂ ಹಾಕಿದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಅವಳು ಹೇಳಿದ ಮಾತು ಸರಿಯಾಗಿದ್ದರಿಂದಲೇ ಕೇಳಲು ಆಗಲಿಲ್ಲ. ಅದೇ ಮಾತನ್ನು ಬೇರೆ ಯಾರು ಹೇಳಿದ್ದರೂ ಕೇಳುತ್ತಿದ್ದೆ ಎಂದು ತೋರುತ್ತದೆ. ಅವಳು ಐದು ದಿನ ಕಳೆದು ತನ್ನ ಬೀಜ ಹಾಕಿದಳು. ನಾನು ಕಿಟಕಿಯಿಂದ ನೋಡಿದೆ. ಬಗ್ಗಿ, ಒಂದೊಂದೇ ಬೀಜವನ್ನು ಬೆರಳಿನಿಂದ ಒತ್ತಿ, ಮಣ್ಣು ಮುಚ್ಚಿ, ಮಗುವಿನ ತಲೆ ಸವರುವ ಹಾಗೆ ಸವರುತ್ತಿದ್ದಳು. ಏನು ನಾಟಕ ಎಂದುಕೊಂಡೆ.

ಎಂಟು ದಿನವಾದರೂ ನನ್ನ ಗುಂಡಿಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ಟರೆ ಏನೂ ಹುಟ್ಟಲಿಲ್ಲ. ಬೆರಳು ಹಾಕಿ ಕೆದಕಿ ನೋಡಿದೆ. ಬೀಜ ಒಳಗೇ ಬೆಂದು ಕಂದುಬಣ್ಣಕ್ಕೆ ತಿರುಗಿತ್ತು. ಅತ್ತೆ ಊರುಗೋಲು ಹಿಡಿದು ಅಂಗಳದ ಅಂಚಿಗೆ ಬಂದು, “ಎಂತ ಆಯ್ತ್ ನಿನ್ ಸೌತಿ?” ಎಂದು ಕೇಳಿದಾಗ ನವಿಲು ತಿಂದಿತು ಎಂದೆ. ನವಿಲಿನ ಗರಿ ಒಂದೂ ಬಿದ್ದಿರಲಿಲ್ಲ, ಕಾಲಿನ ಗುರುತೂ ಇರಲಿಲ್ಲ. ಅತ್ತೆ ಹೂಂ ಎಂದು ಒಳಗೆ ಹೋದರು. ಎರಡು ದಿನ ಬಿಟ್ಟರೆ ಅವಳ ಕಡೆ ಮೊಳಕೆ ಏಳುತ್ತದೆ, ಸಾಲು ಸಾಲಾಗಿ, ಒಂದೂ ತಪ್ಪದೆ. ಆಗ ಅತ್ತೆ ಮತ್ತೆ ಅಂಗಳದಲ್ಲಿ ನಿಂತು ಕೂಗುತ್ತಾರೆ. ಆ ರಾತ್ರಿ ಅವಳ ಕಡೆಗೆ ನಿಜವಾಗಿಯೂ ಒಂದು ನವಿಲು ನುಗ್ಗಲಿ ಎಂದು ಬೇಡಿಕೊಂಡದ್ದುಂಟು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಎದ್ದು ಗದ್ದೆಯ ಕಡೆ ಹೋದೆ. ಯಾರೂ ಇಲ್ಲದಾಗ ಇನ್ನೊಮ್ಮೆ ಕೆದಕಿ ನೋಡುವ ಆಸೆ. ನೋಡಿದರೆ ಪಡು ಬದಿಯಲ್ಲಿ, ನನ್ನ ಸಾಲಿನ ನಡುವೆ, ಅವಳು ಕುಕ್ಕರಗಾಲಲ್ಲಿ ಕೂತಿದ್ದಾಳೆ. ಕೈ ಮಣ್ಣಿನೊಳಗೆ. ಅಂತೂ ಸಿಕ್ಕಿಬಿದ್ದಳು ಎಂದುಕೊಂಡೆ. ಹನ್ನೊಂದು ವರ್ಷದಿಂದ ಹುಡುಕುತ್ತಿದ್ದ ತಪ್ಪು ಕಣ್ಣ ಮುಂದೆ ಇತ್ತು. ಹುಟ್ಟಿದ ಒಂದೆರಡನ್ನೂ ಕೀಳುತ್ತಿದ್ದಾಳೆ ಎಂದೇ ತಿಳಿದೆ. ಆ ಕ್ಷಣ ನನಗಾದದ್ದು ಸಿಟ್ಟಲ್ಲ, ಸಂತೋಷ.

“ಹ್ವಾಯ್! ಎಂತ ಮಾಡ್ತಿದ್ದೆ ನನ್ ಗದ್ದಿಯಗೆ?”

ಅವಳು ಬೆಚ್ಚಿ ಎದ್ದಳು. “ಅಕ್ಕ, ಮೆಲ್ಲ ಮಾತಾಡಿ. ಅತ್ತಿ ಏಳ್ತ್ರ್.”

ಅವಳ ಎಡಗೈಯಲ್ಲಿ ಒದ್ದೆ ಬಟ್ಟೆಯ ಗಂಟು. ಬಿಚ್ಚಿ ತೋರಿಸಿದಳು. ಒಳಗೆ ಬಿಳಿ ಮೂತಿ ಚಾಚಿದ ಸೌತೆ ಬೀಜಗಳು, ಎಲ್ಲವೂ ಮೊಳಕೆ ಬಂದವು.

“ನಿಮ್ದ್ ಹುಟ್ಟ್ಲಿಲ್ಲೆ ಅಲ್ದಾ. ಮಣ್ಣ್ ಈಗ ತಣ್ದಿತ್ತ್. ಮೊಳಕಿ ಬರ್ಸಿ ಹಾಕ್ರೆ ಬತ್ತ್ ಅಕ್ಕ.”

ಇದನ್ನು ಯಾರು ಕಲಿಸಿದರು ಎಂದು ಕೇಳಿದೆ. ಅವಳು ಮನೆಯ ಕಡೆ ಒಮ್ಮೆ ನೋಡಿ, ದನಿ ಇನ್ನೂ ತಗ್ಗಿಸಿ ಹೇಳಿದಳು: “ಯಾರೂ ಅಲ್ಲ. ಮೊದ್ಲ್ ವರ್ಷ ಎಲ್ಲ ಹುಟ್ಟಿತ್ತ್, ಅತ್ತಿ ಅಷ್ಟ್ ಹೊಗಳಿದ್ರ್. ಎರಡ್ನೇ ವರ್ಷ ಅರ್ಧವೂ ಬರ್ಲಿಲ್ಲೆ. ನಂಗೆ ಹೆದ್ರಿಕಿ ಆಯ್ತ್. ಆಗಿಂದ ಒಂದ್ ಹಿಡಿ ಬೀಜ ತೆಗ್ದಿಟ್ಟ್, ಮೊಳಕಿ ಬರ್ಸಿ, ಎಲ್ಲರ್ಕಿಂತ ಮುಂಚೆ ಎದ್ದ್ ಬತ್ತೆ. ಖಾಲಿ ಇದ್ದಲ್ಲ್ ಹಾಕ್ತೆ. ಕೈಗುಣ ಎಂತದ್ದೂ ಇಲ್ಲೆ ಅಕ್ಕ. ಅತ್ತಿಗೆ ಹೇಳ್ಬೇಡಿ.”

ಹನ್ನೊಂದು ವರ್ಷ ನನ್ನ ಹೊಟ್ಟೆ ಉರಿಸಿದ ಕೈಗುಣ ಅಲ್ಲಿ ಒಂದು ಒದ್ದೆ ಬಟ್ಟೆಯಲ್ಲಿತ್ತು. ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ದೇವರು ಕೊಟ್ಟ ಕೈ ಎಂದಾಗಿದ್ದರೆ ದೇವರನ್ನು ಬೈದು ಸುಮ್ಮನಿರಬಹುದಿತ್ತು, ನನಗೆ ಕೊಡಲಿಲ್ಲ ಎಂದು ಅಳಬಹುದಿತ್ತು. ಬೇಗ ಏಳುವುದು ಯಾರಿಗೂ ದೇವರು ಕೊಡುವ ವರವಲ್ಲ. ನಾನೂ ಏಳಬಹುದಿತ್ತು. ಹನ್ನೊಂದು ವರ್ಷ ಒಂದು ದಿನವೂ ಏಳದೆ ಮಲಗಿದ್ದುಕೊಂಡೇ ಅಸೂಯೆಪಟ್ಟಿದ್ದೆ.

“ನನ್ ಗದ್ದಿಗ್ ಎಂತಕ್ಕೆ ಹಾಕ್ತೆ?” ಎಂದು ಕೇಳಿದೆ. ದನಿ ಗಡುಸಾಗಿಯೇ ಇತ್ತು.

ಅವಳು ತಲೆ ಎತ್ತಲಿಲ್ಲ. “ನಿಮ್ಗೆ ಅಷ್ಟ್ ಆಸಿ ಇತ್ತಲೆ ಅಕ್ಕ,” ಎಂದಳು.

ಅಂದರೆ ಅವಳಿಗೆ ಎಲ್ಲ ಗೊತ್ತಿತ್ತು. ನಾನು ಒಳಗೆ ಎದ್ದುಹೋಗುವುದು, ಬಂಗುಡೆ ಬೇಡವೆಂದದ್ದು, ಕಿಟಕಿಯಿಂದ ನೋಡಿದ್ದು. ನಾನು ಬಹಳ ಜಾಣತನದಿಂದ ಮುಚ್ಚಿಟ್ಟಿದ್ದೇನೆ ಎಂದುಕೊಂಡದ್ದನ್ನು ಅವಳು ದಿನವೂ ನೋಡುತ್ತಿದ್ದಳು. ನೋಡಿಯೂ ಪಾತ್ರೆ ಕಳಿಸುತ್ತಿದ್ದಳು. ನನಗೆ ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜ ಹೇಳಬೇಕೆಂದರೆ ಅವಳ ಒಳ್ಳೆಯತನದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅದೂ ಅವಳ ಪಾಲಿಗೇ ಬಂದಿತ್ತಲ್ಲ. ಬೇಡ, ತೆಗೆ ಎಂದು ಹೇಳುವ ಅಭಿಮಾನವೂ ನನ್ನಲ್ಲಿರಲಿಲ್ಲ. ಅವಳು ಇನ್ನೊಂದು ಸಾಲು ಮುಗಿಸುವಷ್ಟರಲ್ಲಿ ಹೋಗಿ ನೀರು ತಂದು ಹೊಯ್ದೆ.

ಪಡು ಬದಿ ತುಂಬಿಕೊಂಡಿತು. ಮೂರು ವಾರದಲ್ಲಿ ಬಳ್ಳಿ ಹರಡಿ ಹಳದಿ ಹೂ ಬಿಟ್ಟಿತು. ಮೂಡು ಬದಿಯಲ್ಲಿ ಆ ವರ್ಷ ಅಲ್ಲಲ್ಲಿ ಗುಂಡಿ ಖಾಲಿ ಉಳಿದವು. ತೆಗೆದಿಟ್ಟ ಹಿಡಿ ಬೀಜವನ್ನೆಲ್ಲ ಅವಳು ನನ್ನ ಕಡೆ ಹಾಕಿದ್ದಳು, ತನ್ನ ಕಡೆಗೆ ಉಳಿದಿರಲಿಲ್ಲ. ಇದು ನನಗೆ ಮೊಳಕೆ ಎದ್ದ ವಾರವೇ ತಿಳಿಯಿತು. ನಾನು ನನ್ನ ಬದಿಗೆ ನೀರು ಹೊಯ್ಯುತ್ತಲೇ ಇದ್ದೆ.

ಯುಗಾದಿಯ ಹಿಂದಿನ ದಿನ ಅತ್ತೆ ನನ್ನ ಭುಜ ಹಿಡಿದುಕೊಂಡು ಗದ್ದೆಗೆ ಇಳಿದರು. ಮೊದಲು ಮೂಡು ಬದಿ ನೋಡಿದರು. “ಎಂತ ಹೆಣೆ, ಈ ವರ್ಷ ನಿನ್ ಕೈ ಎಲ್ಲಿ ಹೋಯ್ತ್?” ಎಂದು ಕೇಳಿದರು.

“ನವಿಲ್ ತಿಂತೋ ಏನೋ ಅತ್ತಿ,” ಎಂದಳು ಅವಳು. ನನ್ನ ಕಡೆ ನೋಡಲೇ ಇಲ್ಲ.

ಆಮೇಲೆ ಪಡು ಬದಿಗೆ ಬಂದರು. ಎಲೆ ಸರಿಸಿ ಸರಿಸಿ ನೋಡಿ, ನಡು ಸಾಲಿನಲ್ಲಿ ಉದ್ದಕ್ಕೆ ಬಲಿತಿದ್ದ ಒಂದು ಕಾಯಿ ಆರಿಸಿದರು. ನಡುಗುವ ಕೈಯಿಂದಲೇ ಅದರ ತೊಟ್ಟಿಗೆ ಬಾಳೆನಾರು ಸುತ್ತಿ, ಗಂಟು ಹಾಕಲು ಬಾರದೆ ನನ್ನ ಕೈಗೆ ಕೊಟ್ಟರು. “ಕಟ್ಟ್. ಇದ್ ಬೀಜಕ್ಕೆ. ಇನ್ನ್ ನಿಂದೇ. ನಿನ್ ಕೈ ನಾನ್ ಇಷ್ಟ್ ವರ್ಷ ಕಾಣ್ಲಿಲ್ಲೆ, ನಂದೇ ತಪ್ಪ್,” ಎಂದರು.

ಇಪ್ಪತ್ತನಾಲ್ಕು ವರ್ಷ ಕಾದ ಮಾತು. ಹೇಳಿದವರ ಕಣ್ಣಲ್ಲಿ ನೀರಿತ್ತು. ಆಗ ನಾನು ಬಾಯಿ ತೆರೆಯಬೇಕಿತ್ತು. ಒಂದೇ ಮಾತು ಸಾಕಿತ್ತು. ನಾನು ಗಂಟು ಹಾಕಿದೆ. ಎರಡು ಸುತ್ತು, ಬಿಗಿಯಾಗಿ. ಅವಳು ಪಕ್ಕದಲ್ಲೇ ನಿಂತು ನಗುತ್ತಿದ್ದಳು. ಕಪಟದ ನಗುವಾಗಿದ್ದರೆ ಎಷ್ಟು ಚೆನ್ನಾಗಿತ್ತು! ಮೇ ತಿಂಗಳಲ್ಲಿ ಕಾಯಿ ಹಣ್ಣಾದಾಗ ನಾನೇ ಬೀಜ ತೆಗೆದೆ, ನಾನೇ ಬೂದಿ ಕಲಸಿದೆ, ಬಚ್ಚಲುಮನೆಯ ಗೋಡೆಗೆ ನಾನೇ ತಟ್ಟಿದೆ. ಪಕ್ಕದ ಮನೆಯವರು ಬಂದು ನೋಡಿ, ಹಿರಿಸೊಸೆಯ ಕೈಯೂ ಏನೂ ಕಡಿಮೆಯಿಲ್ಲ ಎಂದರು. ನಾನು ಒಳಗೆ ಎದ್ದುಹೋಗಲಿಲ್ಲ, ಕೂತು ಕೇಳಿದೆ.

ಈ ವರ್ಷ ಬಿತ್ತನೆಯ ಹೊತ್ತು ಬಂತು. ಸುಡುಮಣ್ಣನ್ನು ನಿಧಾನವಾಗಿ, ಸರಿಯಾಗಿ ಮಾಡಿ ಆರಲು ಬಿಟ್ಟಿದ್ದೆ. ಬೀಜದ ಬಿಲ್ಲೆ ಕಿತ್ತು, ಪುಡಿ ಮಾಡಿ, ಬೀಜ ಬೇರ್ಪಡಿಸಿ ಮೊರದಲ್ಲಿ ಹರಡಿ ಕೂತಿದ್ದೆ. ಒಂದು ಸೌತೆಕಾಯಿಯಲ್ಲಿ ಎಷ್ಟು ಬೀಜ ಇರುತ್ತದೆ ಎಂದು ಕೊಯ್ದವರಿಗೆ ಗೊತ್ತು. ಮೊರ ತುಂಬ ಇತ್ತು.

ಅವಳು ತೆಂಗಿನ ಗೆರಟೆ ಹಿಡಿದು ಬಂದಳು. ಬಾಗಿಲಲ್ಲೇ ನಿಂತಳು. ಈಗ ಬೀಜ ಕೇಳಬೇಕಾದ್ದು ನನ್ನನ್ನು.

“ಅಕ್ಕ, ನಂಗೆ ಒಂದ್ ಹತ್ತ್ ಬೀಜ ಕೊಡ್ತ್ರ್ಯಾ? ಮೂಡು ಬದಿ ಹತ್ತ್ ಗುಂಡಿ ಮಾಡಿದ್ದೆ.”

ಗುಂಡಿಗೆ ಒಂದರಂತೆ ಹಾಕಿದರೆ ಹುಟ್ಟದೆ ಹೋದ ಕಡೆ ಹಾಕಲು ಅವಳ ಬಳಿ ಒಂದೂ ಉಳಿಯುವುದಿಲ್ಲ. ಇದನ್ನು ಈ ಮನೆಯಲ್ಲಿ ನನ್ನಷ್ಟು ಚೆನ್ನಾಗಿ ತಿಳಿದವರು ಬೇರೆ ಯಾರೂ ಇಲ್ಲ. ಮೊರಕ್ಕೆ ಕೈ ಹಾಕಿ ಒಂದು ಹಿಡಿ ತುಂಬಿದರೆ ಮುಗಿಯುತ್ತಿತ್ತು. ಕೈ ಮೊರದವರೆಗೆ ಹೋಯಿತು ಕೂಡ.

ನಾನು ಒಂದೊಂದೇ ಹೆಕ್ಕಿ, ಎಣಿಸಿ, ಹತ್ತೇ ಕೊಟ್ಟೆ.